‘ಮರ್ಮರ್’ನಲ್ಲಿ ಒಂದು ಪದವೂ ಅರ್ಥವಾಗಲಿಲ್ಲ ಸರ್!

ಪ್ರಶ್ನೆ: ಸರ್, ನಾನು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಕಾಲೇಜಿನ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ಆಲ್ಟರ್ನೇಟಿವ್ ರಾಕ್, ಅಂದರೆ ಮುಖ್ಯಧಾರೆಯ ಹೊರಗೆ ಬೆಳೆದ ರಾಕ್ ಸಂಗೀತ, ಎಲ್ಲಿಂದ ಶುರುವಾಯಿತು ಅಂತ ಹುಡುಕಿದಾಗಲೆಲ್ಲ ಆರ್.ಇ.ಎಂ. ಬ್ಯಾಂಡಿನ ಮೊದಲ ಆಲ್ಬಮ್ ‘ಮರ್ಮರ್’ ಹೆಸರು ಬರುತ್ತದೆ. ಮೂರು ಸಲ ಪೂರ್ತಿ ಕೇಳಿದೆ. ಹಾಡುವವರು ಏನು ಹೇಳುತ್ತಿದ್ದಾರೆ ಅಂತ ಒಂದು ಸಾಲೂ ತಿಳಿಯಲಿಲ್ಲ. ಕಂಬಳಿ ಹೊದ್ದು ಹಾಡಿದ ಹಾಗಿದೆ. ಗಿಟಾರ್ ಸೋಲೋ ಇಲ್ಲ, ಜೋರಾದ ಜಾಗವೂ ಇಲ್ಲ. ನಿರ್ವಾಣ, ರೇಡಿಯೋಹೆಡ್ ಬ್ಯಾಂಡುಗಳನ್ನು ಕೇಳಿ ಬೆಳೆದ ನನಗೆ ಇದು ತೀರಾ ಸಪ್ಪೆ ಅನಿಸಿತು. ಇದರಲ್ಲಿ ಅಂಥದ್ದೇನಿದೆ? ವಿಮರ್ಶಕರು ಹೊಗಳಿದರು ಅಂತ ಎಲ್ಲರೂ ಹೊಗಳುತ್ತಿದ್ದಾರಾ?

ಉತ್ತರ: ನಿಮ್ಮ ಕಿವಿ ಸರಿಯಾಗಿದೆ. ಇಯರ್‌ಫೋನೂ ಸರಿಯಾಗಿದೆ. ಕಂಬಳಿ ಹೊದ್ದು ಹಾಡಿದ ಹಾಗಿದೆ ಅಂದಿರಲ್ಲ, ಅದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ.

ನನ್ನ ಕಥೆ ಇನ್ನೂ ನಾಚಿಕೆಗೇಡು. ತೊಂಬತ್ತರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಓದುತ್ತಿದ್ದ ದೊಡ್ಡಪ್ಪನ ಮಗ ರಜೆಗೆ ಬಂದಾಗ ಒಂದು ಕ್ಯಾಸೆಟ್ ತಂದುಕೊಟ್ಟಿದ್ದ. 90 ನಿಮಿಷದ ಖಾಲಿ ಕ್ಯಾಸೆಟ್ಟಿಗೆ ತಾನೇ ತುಂಬಿಸಿದ್ದು. ಒಂದು ಬದಿ ‘ಮರ್ಮರ್’, ಇನ್ನೊಂದು ಬದಿ ಅದರ ಮುಂದಿನ ಆಲ್ಬಮ್ ‘ರೆಕನಿಂಗ್’. 44 ನಿಮಿಷದ ಆಲ್ಬಮ್ಮು 45 ನಿಮಿಷದ ಬದಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತ್ತು. ಹಾಕಿದರೆ ಎಲ್ಲ ಮಬ್ಬು ಮಬ್ಬು. ಟೇಪ್ ರೆಕಾರ್ಡರಿನ ಹೆಡ್ ಕೊಳೆಯಾಗಿದೆ ಅಂದುಕೊಂಡು ಸ್ಪಿರಿಟ್ ಅದ್ದಿದ ಹತ್ತಿಯಲ್ಲಿ ಒರೆಸಿದೆ. ಮತ್ತೆ ಹಾಕಿದೆ. ಅಷ್ಟೇ ಮಬ್ಬು. ‘ಅಣ್ಣ, ನೀನು ಸರಿಯಾಗಿ ಕಾಪಿ ಮಾಡಿಲ್ಲ’ ಅಂತ ದೂರಿದೆ. ಅವನು ನಕ್ಕು, ‘ಕಾಪಿ ಸರಿಯಾಗೇ ಇದೆ, ಆಲ್ಬಮ್ಮೇ ಹಾಗೆ’ ಅಂದ. ಆಮೇಲೆ ಕ್ಯಾಸೆಟ್ಟು ಮೂಲೆ ಸೇರಿತು. ಅದು ಹೊರಗೆ ಬಂದದ್ದು ಎರಡು ವರ್ಷದ ನಂತರ, ಒಂದು ಮಳೆಗಾಲದಲ್ಲಿ, ಬೇರೆ ಯಾವ ಕ್ಯಾಸೆಟ್ಟೂ ಕೈಗೆ ಸಿಗದೆ ಇದ್ದಾಗ. ಹಾಗಾಗಿ ಮೂರು ಸಲಕ್ಕೆ ಹಿಡಿಸಲಿಲ್ಲ ಅಂದರೆ ನನಗೇನೂ ಆಶ್ಚರ್ಯವಿಲ್ಲ.

ಈಗ ವಿಷಯಕ್ಕೆ ಬರೋಣ. ಆ ಮಸುಕು ಬೇಕು ಅಂತಲೇ ಮಾಡಿದ್ದು. ಅದನ್ನು ಉಳಿಸಿಕೊಳ್ಳಲು ಆ ನಾಲ್ಕು ಹುಡುಗರು ರೆಕಾರ್ಡ್ ಕಂಪನಿಯ ಜೊತೆ ಹಟ ಹಿಡಿದರು. ‘ಮರ್ಮರ್’ನಲ್ಲಿ ಏನು ಮಾಡಿದರು ಅನ್ನುವುದಕ್ಕಿಂತ ಏನೇನು ಬೇಡ ಅಂದರು ಅನ್ನುವುದನ್ನು ನೋಡಿದರೆ ಈ ಆಲ್ಬಮ್ ಬೇಗ ಕೈಗೆ ಸಿಗುತ್ತದೆ.

ಅದು ಬಂದದ್ದು 1983ರ ಏಪ್ರಿಲ್‌ನಲ್ಲಿ. ಆಗ ಅಮೆರಿಕದ ರೇಡಿಯೋದಲ್ಲಿ ಏನಿತ್ತು ಅಂತ ಸ್ವಲ್ಪ ನೆನಪಿಸಿಕೊಳ್ಳಿ. ಮೈಕಲ್ ಜಾಕ್ಸನ್‌ನ ‘ಥ್ರಿಲ್ಲರ್’ ಎಲ್ಲ ಕಡೆ ಓಡುತ್ತಿತ್ತು. ಪೊಲೀಸ್ ಬ್ಯಾಂಡಿನ ‘ಸಿಂಕ್ರೊನಿಸಿಟಿ’, ಯು2ನ ‘ವಾರ್’ ಅದೇ ವರ್ಷದವು. ಸಿಂಥಸೈಜರ್, ಅಂದರೆ ಬಗೆಬಗೆಯ ಸದ್ದು ಹುಟ್ಟಿಸುವ ಎಲೆಕ್ಟ್ರಾನಿಕ್ ಕೀಬೋರ್ಡ್, ಇಲ್ಲದ ಹಾಡು ಹಳೇ ಕಾಲದ್ದು ಅನ್ನುವ ವಾತಾವರಣ. ಡ್ರಮ್ಮಿನ ಸದ್ದಂತೂ ಕೇಳಲೇಬೇಡಿ. ಫಿಲ್ ಕಾಲಿನ್ಸ್ 1981ರಲ್ಲಿ ಹಿಟ್ ಮಾಡಿದ ಆ ಭಾರೀ ಡ್ರಮ್ ಸದ್ದು ಎಲ್ಲರಿಗೂ ಬೇಕಾಗಿತ್ತು. ದೊಡ್ಡ ಹಾಲಿನಲ್ಲಿ ಯಾರೋ ಬಾಗಿಲನ್ನು ದಢಾರ್ ಅಂತ ಹಾಕಿ, ಅದರ ಪ್ರತಿಧ್ವನಿಯನ್ನು ಅರ್ಧಕ್ಕೇ ಕತ್ತರಿಸಿದ ಹಾಗೆ. ಗೇಟೆಡ್ ರಿವರ್ಬ್ ಅನ್ನುತ್ತಾರಲ್ಲ, ಅದೇ. ನಮ್ಮ ಸಿನಿಮಾ ಹಾಡುಗಳಿಗೂ ಅದು ಆಮೇಲೆ ನುಗ್ಗಿತು.

ಇದರ ನಡುವೆ ಜಾರ್ಜಿಯಾ ರಾಜ್ಯದ ಅಥೆನ್ಸ್ ಅನ್ನುವ ಊರು. ವಿಶ್ವವಿದ್ಯಾಲಯವೇ ಊರಿನ ಜೀವ. ಅಲ್ಲಿನ ವಕ್ಸ್‌ಟ್ರಿ ರೆಕಾರ್ಡ್ಸ್ ಅನ್ನುವ ಅಂಗಡಿಯಲ್ಲಿ, ಮುಂದೆ ಆರ್.ಇ.ಎಂ.ನಲ್ಲಿ ಗಿಟಾರ್ ಹಿಡಿದ ಪೀಟರ್ ಬಕ್ ಕೆಲಸ ಮಾಡುತ್ತಿದ್ದ. ಅಲ್ಲಿಗೆ ಬರುತ್ತಿದ್ದ ಕಲಾ ವಿದ್ಯಾರ್ಥಿ ಮೈಕಲ್ ಸ್ಟೈಪ್, ಮುಂದೆ ಬ್ಯಾಂಡಿನ ಗಾಯಕ. ಬಕ್ ತನಗೆ ಅಂತ ಎತ್ತಿಟ್ಟುಕೊಂಡ ರೆಕಾರ್ಡುಗಳನ್ನೇ ಈತ ಹುಡುಕಿ ಹುಡುಕಿ ಕೊಳ್ಳುತ್ತಿದ್ದನಂತೆ. ಸ್ನೇಹ ಬೆಳೆಯಲು ಇನ್ನೇನು ಬೇಕು? ಬೇಸ್ ನುಡಿಸುವ ಮೈಕ್ ಮಿಲ್ಸ್, ಡ್ರಮ್ಸ್ ಬಾರಿಸುವ ಬಿಲ್ ಬೆರ್ರಿ ಶಾಲೆಯ ದಿನಗಳಿಂದಲೇ ಜೊತೆಗಾರರು. ಈ ನಾಲ್ವರು ಮೊದಲ ಸಲ ಜನರ ಮುಂದೆ ನುಡಿಸಿದ್ದು 1980ರ ಏಪ್ರಿಲ್ 5ರಂದು, ಒಂದು ಹಳೆಯ ಚರ್ಚ್ ಕಟ್ಟಡದಲ್ಲಿ, ಸ್ನೇಹಿತೆಯೊಬ್ಬಳ ಹುಟ್ಟುಹಬ್ಬದ ಪಾರ್ಟಿಗೆ. ಆಗ ಬ್ಯಾಂಡಿಗೆ ಹೆಸರೂ ಇರಲಿಲ್ಲ. ಅದೇ ಊರಿನಿಂದ ಬಿ-52ಸ್ ಆಗಲೇ ಹೆಸರು ಮಾಡಿದ್ದರು, ಪೈಲನ್ ಅನ್ನುವ ಬ್ಯಾಂಡೂ ಇತ್ತು. ಪೈಲನ್ ಕೇಳಿಲ್ಲದಿದ್ದರೆ ಕೇಳಿ. ಬೇಸ್ ನುಡಿಸುವವರಿಗೆ ಹಬ್ಬ.

1981ರಲ್ಲಿ ಹಿಬ್-ಟೋನ್ ಅನ್ನುವ ಪುಟ್ಟ ರೆಕಾರ್ಡ್ ಕಂಪನಿಯಿಂದ ಇವರ ಮೊದಲ ಸಿಂಗಲ್, ಅಂದರೆ ಬಿಡಿ ಹಾಡಿನ ರೆಕಾರ್ಡ್, ಬಂತು. ‘ರೇಡಿಯೋ ಫ್ರೀ ಯುರೋಪ್’. ‘ಮರ್ಮರ್’ನ ಮೊದಲ ಹಾಡೂ ಇದೇ. ಆದರೆ ಆಲ್ಬಮ್ಮಿಗೆ ಅಂತ ಮತ್ತೆ ರೆಕಾರ್ಡ್ ಮಾಡಿದ್ದು, ನಡಿಗೆಯೂ ಸ್ವಲ್ಪ ನಿಧಾನ. ಬ್ಯಾಂಡಿನವರಿಗೇ ಹಳೆಯದು ಹೆಚ್ಚು ಇಷ್ಟ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಜೋಪಾನ ಮಾಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿಕೊಂಡಿದ್ದೂ ಆ ಹಳೆಯ ಸಿಂಗಲ್ಲನ್ನೇ. ನಿಮಗೆ ಆಲ್ಬಮ್ಮಿನದು ಸಪ್ಪೆ ಅನಿಸಿದ್ದರೆ ಹಿಬ್-ಟೋನ್ ಆವೃತ್ತಿ ಹುಡುಕಿ ಕೇಳಿ. ಬ್ರೇಕ್ ಇಲ್ಲದ ಸೈಕಲ್ಲಿನ ಹಾಗೆ ಓಡುತ್ತದೆ.

ಮುಂದೆ ಐ.ಆರ್.ಎಸ್. ರೆಕಾರ್ಡ್ಸ್ ಇವರನ್ನು ಸೇರಿಸಿಕೊಂಡಿತು. ಪೊಲೀಸ್ ಬ್ಯಾಂಡಿನ ಡ್ರಮ್ಮರ್‌ನ ಅಣ್ಣ ಮೈಲ್ಸ್ ಕೋಪ್‌ಲ್ಯಾಂಡ್ ನಡೆಸುತ್ತಿದ್ದ ಕಂಪನಿ ಅದು. 1982ರಲ್ಲಿ ‘ಕ್ರಾನಿಕ್ ಟೌನ್’ ಅನ್ನುವ ಐದು ಹಾಡಿನ ರೆಕಾರ್ಡ್ ಬಂತು. ಅದನ್ನು ರೆಕಾರ್ಡ್ ಮಾಡಿಕೊಟ್ಟದ್ದು ಮಿಚ್ ಈಸ್ಟರ್, ನಾರ್ತ್ ಕೆರೊಲೈನಾದಲ್ಲಿ, ತನ್ನ ಅಪ್ಪ ಅಮ್ಮನ ಮನೆಯ ಗ್ಯಾರೇಜಿನಲ್ಲಿ.

ಪೂರ್ತಿ ಆಲ್ಬಮ್ ಅಂದಾಗ ಕಂಪನಿಗೆ ಗ್ಯಾರೇಜು ಸಾಲದು ಅನಿಸಿತು. ಸ್ಟೀಫನ್ ಹೇಗ್ ಅನ್ನುವ ಪ್ರೊಡ್ಯೂಸರ್ (ದುಡ್ಡು ಹಾಕುವವರಲ್ಲ, ರೆಕಾರ್ಡಿಂಗಿನ ಉಸ್ತುವಾರಿ ನೋಡುವವರು) ಜೊತೆ ಬಾಸ್ಟನ್‌ನಲ್ಲಿ ‘ಕ್ಯಾಟಪಲ್ಟ್’ ಹಾಡನ್ನು ಮಾಡಿಸಿ ನೋಡಿದರು. ಹೇಗ್‌ಗೆ ಎಲ್ಲವೂ ಗಡಿಯಾರದ ಹಾಗೆ ನಡೆಯಬೇಕು. ಕಿವಿಯಲ್ಲಿ ಟಿಕ್ ಟಿಕ್ ಅನ್ನುವ ಕ್ಲಿಕ್ ಟ್ರ್ಯಾಕ್ ಹಾಕಿ, ಬಿಲ್ ಬೆರ್ರಿ ಒಂದೇ ಹಾಡನ್ನು ಮತ್ತೆ ಮತ್ತೆ ಬಾರಿಸುವ ಹಾಗೆ ಮಾಡಿದರು. ಕೊನೆಗೆ ಬ್ಯಾಂಡನ್ನು ಕೇಳದೆಯೇ ಮೇಲೆ ಕೀಬೋರ್ಡೂ ಸೇರಿಸಿದರು. ಹುಡುಗರ ಮುಖ ಬಾಡಿತು. ಹೇಗ್ ಸಾಮಾನ್ಯದವರಲ್ಲ. ಮುಂದೆ ಪೆಟ್ ಶಾಪ್ ಬಾಯ್ಸ್, ನ್ಯೂ ಆರ್ಡರ್ ಜೊತೆ ಒಳ್ಳೊಳ್ಳೆ ಕೆಲಸ ಮಾಡಿದವರು. ಆದರೆ ಈ ನಾಲ್ವರಿಗೆ ಅವರು ಹೊಂದಲಿಲ್ಲ. ರಾಗಿ ಮುದ್ದೆಗೆ ಅಚ್ಚು ಹುಡುಕಿದ ಹಾಗಾಯಿತು. ನಮಗೆ ಮಿಚ್ಚೇ ಬೇಕು ಅಂತ ಬ್ಯಾಂಡು ಹಟ ಮಾಡಿತು. ಕಂಪನಿ, ‘ಒಂದು ಹಾಡು ಮಾಡಿ ತೋರಿಸಿ’ ಅಂದಿತು. ಈಸ್ಟರ್ ತನ್ನ ಜೊತೆಗೆ ಡಾನ್ ಡಿಕ್ಸನ್ ಅನ್ನುವ ಇನ್ನೊಬ್ಬ ಪ್ರೊಡ್ಯೂಸರನ್ನೂ ಕರೆದುಕೊಂಡ. ಆ ಪರೀಕ್ಷೆಯ ಹಾಡೇ ‘ಪಿಲ್ಗ್ರಿಮೇಜ್’. ಕೇಳಿದ ಮೇಲೆ ಕಂಪನಿ ತೆಪ್ಪಗಾಯಿತು.

ಮೊದಲ ಆಲ್ಬಮ್ಮೂ ಆಗಿರದ, ಇನ್ನೂ ದೊಡ್ಡ ಹೆಸರು ಮಾಡಿರದ ಬ್ಯಾಂಡು ಹೀಗೆ ಬೇಡ ಅನ್ನುವುದು ಸುಲಭವಲ್ಲ. ನೀವೂ ಬ್ಯಾಂಡಿನವರು, ನಿಮಗೆ ಗೊತ್ತಿರುತ್ತದೆ. ಸ್ಟುಡಿಯೋದವರು ‘ಹೀಗೇ ಮಾಡಬೇಕು’ ಅಂದರೆ ನಾವು ಹೂಂಗುಟ್ಟುತ್ತೇವೆ. ಒಮ್ಮೆ ನಾನು ಧ್ವನಿ ನೋಡಿಕೊಂಡಿದ್ದ ಒಂದು ಹುಡುಗರ ತಂಡಕ್ಕೆ ಸ್ಟುಡಿಯೋದ ಎಂಜಿನಿಯರ್ ಅವರ ಡ್ರಮ್ಮನ್ನೇ ತೆಗೆದು ಕಂಪ್ಯೂಟರಿನ ಡ್ರಮ್ ಹಾಕಿಕೊಟ್ಟ. ಹುಡುಗರು ಥ್ಯಾಂಕ್ಸ್ ಹೇಳಿ, ದುಡ್ಡು ಕೊಟ್ಟು ಬಂದರು. ಆಮೇಲೆ ಆ ಹಾಡನ್ನು ಅವರೇ ಕೇಳಲಿಲ್ಲ.

‘ಮರ್ಮರ್’ನ ರೆಕಾರ್ಡಿಂಗ್ 1983ರ ಮೊದಲ ಎರಡು ತಿಂಗಳಲ್ಲಿ, ಶಾರ್ಲಟ್ ನಗರದ ರಿಫ್ಲೆಕ್ಷನ್ ಸೌಂಡ್ ಸ್ಟುಡಿಯೋಸ್‌ನಲ್ಲಿ ನಡೆಯಿತು. ಚರ್ಚಿನ ಭಕ್ತಿಗೀತೆಗಳಿಗೆ ಹೆಸರಾದ ಜಾಗ. ಬೇಡಗಳ ಪಟ್ಟಿ ಅಲ್ಲೂ ಮುಂದುವರಿಯಿತು. ಸಿಂಥ್ ಬೇಡ. ಗಿಟಾರ್ ಸೋಲೋ ಬೇಡ. ದಢಾರ್ ಡ್ರಮ್ ಬೇಡ. ಬೆರ್ರಿಯ ಡ್ರಮ್ಮನ್ನು ಗಮನಿಸಿ. ಒಣಗಿದ ಸದ್ದು, ಸಣ್ಣ ಕೋಣೆಯಲ್ಲಿ ಪಕ್ಕದಲ್ಲೇ ಕೂತು ಬಾರಿಸಿದ ಹಾಗೆ. 1983ರ ಎಷ್ಟೋ ಆಲ್ಬಮ್ಮುಗಳನ್ನು ಇವತ್ತು ಕೇಳಿದರೆ ಡ್ರಮ್ಮಿನಿಂದಲೇ ಇಸವಿ ಹೇಳಿಬಿಡಬಹುದು. ‘ಮರ್ಮರ್’ನಲ್ಲಿ ಅದು ಆಗುವುದಿಲ್ಲ. 1968 ಅಂದರೂ ನಂಬಬಹುದು, ಮೊನ್ನೆ ಮಾಡಿದ್ದು ಅಂದರೂ ನಂಬಬಹುದು.

ಹಾಗಂತ ಏನೂ ಸೇರಿಸದೆ ಬೋಳಾಗಿ ಬಿಟ್ಟರು ಅಂದುಕೊಳ್ಳಬೇಡಿ. ತುಂಬಾ ಸೇರಿಸಿದ್ದಾರೆ, ಆದರೆ ಮುಚ್ಚಿಟ್ಟಿದ್ದಾರೆ. ಎಲೆಕ್ಟ್ರಿಕ್ ಗಿಟಾರಿನ ಕೆಳಗೆ ಅಕೂಸ್ಟಿಕ್ ಗಿಟಾರುಗಳ ಪದರಗಳಿವೆ. ‘ಟಾಕ್ ಅಬೌಟ್ ದ ಪ್ಯಾಶನ್’ನಲ್ಲಿ ಒಂದು ಚೆಲ್ಲೋ ಬಂದು ಹೋಗುತ್ತದೆ. ‘ಪರ್ಫೆಕ್ಟ್ ಸರ್ಕಲ್’ನಲ್ಲಿ ಎರಡು ಪಿಯಾನೋಗಳು ಒಂದೇ ಸ್ವರಗಳನ್ನು ಒಟ್ಟಿಗೆ ನುಡಿಸುತ್ತವೆ. ಒಂದು ದೊಡ್ಡ ಪಿಯಾನೋ, ಇನ್ನೊಂದು ಗೋಡೆಗೆ ಆನಿಸುವ ಹಳೇದು. ಎರಡರ ಶ್ರುತಿಯ ಸಣ್ಣ ವ್ಯತ್ಯಾಸದಿಂದಲೇ ಆ ಹಾಡಿಗೆ ಹಳೇ ಫೋಟೋದ ಬಣ್ಣ ಬಂದಿದೆ. ಆ ಸಂಗೀತ ಹುಟ್ಟಿದ್ದು ಮುಖ್ಯವಾಗಿ ಡ್ರಮ್ಮರ್ ಬೆರ್ರಿಯಿಂದ ಅನ್ನುವುದು ಇನ್ನೂ ಚೆಂದ. ‘ವಿ ವಾಕ್’ ಹಾಡಿನಲ್ಲಿ ದೂರದಲ್ಲಿ ಗುಡುಗಿದ ಹಾಗೆ ಕೇಳುತ್ತದಲ್ಲ, ಅದು ಗುಡುಗಲ್ಲ. ಬೆರ್ರಿ ಬಿಲಿಯರ್ಡ್ಸ್ ಆಡುವಾಗ ಚೆಂಡುಗಳು ಡಿಕ್ಕಿ ಹೊಡೆದ ಸದ್ದನ್ನು ಹಿಡಿದು, ಟೇಪ್ ನಿಧಾನ ಮಾಡಿ ಹಾಕಿದ್ದು!

ಸರಿ, ಈಗ ನಿಮ್ಮ ಮುಖ್ಯ ದೂರು. ಮಾತು.

ನಮ್ಮ ಸಿನಿಮಾ ಹಾಡಿನಲ್ಲಿ ಗಾಯಕನ ದನಿ ಮಂಟಪದ ಮೇಲಿನ ಮದುಮಗನ ಹಾಗೆ. ಎಲ್ಲರಿಗಿಂತ ಮುಂದೆ, ಎಲ್ಲರಿಗಿಂತ ಮೇಲೆ. ಪಾಪ್ ಹಾಡಿನಲ್ಲೂ ಅಷ್ಟೇ. ‘ಮರ್ಮರ್’ನಲ್ಲಿ ಸ್ಟೈಪ್‌ನ ದನಿ ಪಂಕ್ತಿಯಲ್ಲಿ ಎಲ್ಲರ ಜೊತೆ ಊಟಕ್ಕೆ ಕೂತಿದೆ. ಗಿಟಾರ್, ಬೇಸ್, ದನಿ ಮೂರೂ ಒಂದೇ ಸಾಲಿನಲ್ಲಿ. ಆತ ಹಾಡಿದ್ದೂ ಮುಖ್ಯ ಕೋಣೆಯಲ್ಲಿ ಅಲ್ಲ, ಪಕ್ಕದ ಮೆಟ್ಟಿಲಿನ ಜಾಗದಲ್ಲಿ, ದೀಪ ಆರಿಸಿಕೊಂಡು, ಯಾರ ಕಣ್ಣಿಗೂ ಬೀಳದ ಹಾಗೆ. ನಾಚಿಕೆ ಸ್ವಭಾವದವನು. ಸಾಲದ್ದಕ್ಕೆ ಪದಗಳನ್ನು ಅರ್ಧಕ್ಕೇ ನುಂಗುತ್ತಾನೆ. ‘ರೇಡಿಯೋ ಫ್ರೀ ಯುರೋಪ್’ ಮೊದಲು ರೆಕಾರ್ಡ್ ಮಾಡುವಾಗ ಪದಗಳನ್ನು ಪೂರ್ತಿ ಬರೆದೇ ಇರಲಿಲ್ಲ, ಅದಕ್ಕೇ ತಿಳಿಯದ ಹಾಗೆ ಹಾಡಿದೆ ಅಂತ ಆತನೇ ಮುಂದೆ ಒಪ್ಪಿಕೊಂಡಿದ್ದಾನೆ. ಆ ಹೆಸರಿನ ರೇಡಿಯೋ ನಿಜವಾಗಿಯೂ ಇತ್ತು, ಈಗಲೂ ಇದೆ. ಶೀತಲ ಸಮರದ ಕಾಲದಲ್ಲಿ ಅಮೆರಿಕದ ದುಡ್ಡಿನಲ್ಲಿ ಪೂರ್ವ ಯುರೋಪಿನ ಜನರಿಗೆ ಪ್ರಸಾರ ಮಾಡುತ್ತಿದ್ದ ಕೇಂದ್ರ ಅದು. ಹಾಡು ಅದರ ಬಗ್ಗೆಯಾ? ಇರಬಹುದು ಅನ್ನುವಷ್ಟರಲ್ಲಿ ಸಾಲು ಕೈ ಜಾರುತ್ತದೆ.

ಪದಗಳು ತಿಳಿದರೂ ಅಷ್ಟೇನೂ ಸಹಾಯವಾಗದು. ‘ಲಾಫಿಂಗ್’ ಹಾಡಿನಲ್ಲಿ ಗ್ರೀಕ್ ಪುರಾಣದ ಲವೊಕೊವನ್ ಬರುತ್ತಾನೆ. ಟ್ರಾಯ್ ನಗರದ ಪೂಜಾರಿ, ತನ್ನ ಇಬ್ಬರು ಮಕ್ಕಳ ಜೊತೆ ಹಾವುಗಳಿಗೆ ಸಿಕ್ಕಿ ಸತ್ತವನು. ಸ್ಟೈಪ್ ಅವನನ್ನು ಹೆಂಗಸು ಮಾಡಿಬಿಟ್ಟಿದ್ದಾನೆ! ಯಾಕೆ ಅಂತ ಹಾಡು ಹೇಳುವುದಿಲ್ಲ. ‘ಟಾಕ್ ಅಬೌಟ್ ದ ಪ್ಯಾಶನ್’ನಲ್ಲಿ ಇದ್ದಕ್ಕಿದ್ದ ಹಾಗೆ ಫ್ರೆಂಚ್ ಮಾತು ಬರುತ್ತದೆ. ಎಷ್ಟು ಕಾಲ ಅಂತ ಅರ್ಥ. ಅಷ್ಟೇ, ಮುಂದೆ ಹೋಗುತ್ತಾನೆ. ಅಂತರ್ಜಾಲದಲ್ಲಿ ಈ ಹಾಡುಗಳ ಸಾಹಿತ್ಯ ಸಿಗುತ್ತದೆ, ಆದರೆ ಒಂದೊಂದು ಕಡೆ ಒಂದೊಂದು ಥರ. ಆಲ್ಬಮ್ಮಿನ ಜೊತೆ ಸಾಹಿತ್ಯ ಅಚ್ಚು ಹಾಕಿರಲಿಲ್ಲ. ಅದೂ ಬೇಡಗಳ ಪಟ್ಟಿಯಲ್ಲಿತ್ತು.

ಇಲ್ಲಿ ನನಗೆ ತಮಾಷೆ ಅನಿಸುವ ಒಂದು ಸಂಗತಿ ಇದೆ. ಇಂಗ್ಲಿಷ್ ಹಾಡು ಕೇಳಿ ಪದ ತಿಳಿಯದೆ ಇರುವುದು ನಮಗೇನು ಹೊಸದಾ? ನಾನು ಹೈಸ್ಕೂಲಿನಲ್ಲಿ ಕೇಳಿದ ಅಷ್ಟೂ ಇಂಗ್ಲಿಷ್ ಹಾಡುಗಳನ್ನು ಕೇಳಿದ್ದೇ ಹಾಗೆ. ಕನ್ನಡ ಮಾಧ್ಯಮದ ಹುಡುಗ. ತಿಳಿದ ನಾಲ್ಕು ಪದ ಹಿಡಿದು, ಮಿಕ್ಕಿದ್ದಕ್ಕೆ ಬಾಯಿಗೆ ಬಂದದ್ದು ತುಂಬಿಸಿ ಹಾಡುತ್ತಿದ್ದೆವು. ಆದರೂ ಆ ಹಾಡುಗಳು ನಮ್ಮನ್ನು ಹಿಡಿದವು ತಾನೇ? ಸ್ಟೈಪ್ ಮಾಡಿದ್ದು ಏನಪ್ಪಾ ಅಂದರೆ, ಇಂಗ್ಲಿಷನ್ನೇ ಮನೆ ಮಾತಾಗಿ ಆಡುವ ಅಮೆರಿಕದ ಹುಡುಗರನ್ನೂ ನಮ್ಮ ಬೆಂಚಿನಲ್ಲಿ ತಂದು ಕೂರಿಸಿದ. ಅವರೂ ತಪ್ಪು ತಪ್ಪಾಗಿ ಹಾಡಿಕೊಂಡರು. ತಮ್ಮದೇ ಅರ್ಥ ತುಂಬಿಕೊಂಡರು. ಈ ಒಂದು ಆಲ್ಬಮ್ಮಿನ ಮಟ್ಟಿಗೆ ಶಿಕಾಗೋದವನಿಗೂ ಶಿರಸಿಯವನಿಗೂ ವ್ಯತ್ಯಾಸವಿಲ್ಲ. ನಮ್ಮಲ್ಲಿ ಆಲಾಪನೆ, ತಿಲ್ಲಾನ ಕೇಳುವಾಗ ಯಾರೂ ‘ಏನಂದರು?’ ಅಂತ ಕೇಳುವುದಿಲ್ಲ ಅಲ್ವಾ. ಆ ಕಿವಿ ನಮಗೆ ಇದ್ದೇ ಇದೆ. ರಾಕ್ ಅಂದ ಕೂಡಲೇ ಯಾಕೋ ಅದನ್ನು ಕಳಚಿಟ್ಟು ಬರುತ್ತೇವೆ.

ಮರ್ಮರ ಅನ್ನುವ ಪದ ನಮ್ಮಲ್ಲೂ ಇದೆ ನೋಡಿ, ಎಲೆಗಳ ಸದ್ದಿಗೆ. ಇಂಗ್ಲಿಷಿನ ಮರ್ಮರ್ ಕೂಡ ಸದ್ದಿನಿಂದಲೇ ಹುಟ್ಟಿದ್ದು. ಇಂಗ್ಲಿಷಿನಲ್ಲಿ ಹೇಳಲು ತೀರಾ ಸುಲಭವಾದ ಕೆಲವೇ ಪದಗಳಲ್ಲಿ ಇದೂ ಒಂದು ಅಂತ ಎಲ್ಲೋ ಓದಿ ಸ್ಟೈಪ್ ಈ ಹೆಸರು ಆರಿಸಿದನಂತೆ. ಮುಖಪುಟದಲ್ಲೂ ಎಲೆಗಳೇ. ಕುಡ್ಜು ಅನ್ನುವ ಬಳ್ಳಿ ಇಡೀ ಜಾಗವನ್ನು ನುಂಗಿಹಾಕಿದೆ. ಅದು ಜಪಾನಿನ ಬಳ್ಳಿ. ಮಣ್ಣು ಕೊಚ್ಚಿಹೋಗದ ಹಾಗೆ ತಡೆಯುತ್ತದೆ ಅಂತ 1930ರ ದಶಕದಲ್ಲಿ ಅಲ್ಲಿನ ಸರ್ಕಾರವೇ ನೆಡಿಸಿತು. ಆಮೇಲೆ ಮರ, ಕಂಬ, ಪಾಳು ಮನೆ ಅಂತ ನೋಡದೆ ಎಲ್ಲದರ ಮೇಲೂ ಹಬ್ಬಿತು. ಬಂಡೀಪುರದ ಕಡೆ ಹೋದರೆ ಲಂಟಾನ ಹಬ್ಬಿದ್ದು ನೋಡಿರುತ್ತೀರಲ್ಲ, ಹಾಗೆ. ಒಳಗೆ ಏನೋ ಇದೆ, ಏನು ಅಂತ ಗೊತ್ತಾಗುವುದಿಲ್ಲ. ಆಲ್ಬಮ್ಮಿನ ಮಿಕ್ಸಿಂಗ್ ಹೇಗಿದೆ ಅಂತ ಕೇಳಿದರೆ ನಾನು ಆ ಫೋಟೋ ತೋರಿಸುತ್ತೇನೆ. ಹಿಂದಿನ ಪುಟದಲ್ಲಿ ಅಥೆನ್ಸಿನ ಒಂದು ಹಳೆಯ ಮರದ ರೈಲು ಸೇತುವೆ ಇದೆ. ಆ ಸೇತುವೆಗೆ ಊರಿನಲ್ಲಿ ಆಲ್ಬಮ್ಮಿನ ಹೆಸರೇ ಅಂಟಿಕೊಂಡಿತು.

ನೀವು ಬೇಸ್ ನುಡಿಸುವವರು ಅಂದಿರಿ. ಹಾಗಿದ್ದರೆ ನಿಮಗೆ ಬಾಗಿಲು ಬೇರೆ ಕಡೆ ಇದೆ. ಸ್ಟೈಪ್‌ನನ್ನು ಬಿಟ್ಟುಬಿಡಿ. ಒಂದು ಸಲ ಇಡೀ ಆಲ್ಬಮ್ಮನ್ನು ಮೈಕ್ ಮಿಲ್ಸ್‌ನ ಬೇಸ್ ಹಿಂದೆಯೇ ಹೋಗಿ ಕೇಳಿ. ಪೀಟರ್ ಬಕ್ ತನ್ನ ರಿಕನ್‌ಬ್ಯಾಕರ್ ಗಿಟಾರಿನಲ್ಲಿ ಕಾರ್ಡಿನ (ಜೊತೆಗೂಡಿಸಿದ ಹಲವು ಸ್ವರಗಳ) ತಂತಿಗಳನ್ನೆಲ್ಲ ಒಟ್ಟಿಗೆ ಬಾರಿಸುವುದು ಕಡಿಮೆ. ಒಂದೊಂದೇ ತಂತಿ ಬಿಡಿಸಿ ಮೀಟುತ್ತಾನೆ. ಗಿಟಾರ್ ಹೀಗೆ ಗೆಜ್ಜೆಯ ಹಾಗೆ ಮೇಲೆ ಉದುರುತ್ತಿದ್ದರೆ ರಾಗ ಹೊರುವವರು ಯಾರು? ಬೇಸ್. ಮಿಲ್ಸ್ ಪಿಯಾನೋ ಕಲಿತವನು. ಬೇಸನ್ನು ಬರೀ ಬುನಾದಿಗೆ ಬಳಸದೆ ಅದರಲ್ಲೇ ಹಾಡುತ್ತಾನೆ. ‘ಪಿಲ್ಗ್ರಿಮೇಜ್’, ‘ಶೇಕಿಂಗ್ ಥ್ರೂ’ ಎರಡರಲ್ಲೂ ದನಿ ಒಂದು ಕಡೆ ಹೋದರೆ ಬೇಸ್ ಇನ್ನೊಂದು ಕಡೆ ಹೋಗಿ, ಪಲ್ಲವಿಯಲ್ಲಿ ಬಂದು ಕೂಡುತ್ತವೆ. ಹಿಂದಿನಿಂದ ಬರುವ ಎತ್ತರದ ಎರಡನೇ ದನಿಯೂ ಅವನದೇ. ಎಷ್ಟೋ ಪಲ್ಲವಿಗಳಲ್ಲಿ ನಮಗೆ ನೆನಪು ಉಳಿಯುವುದು ಸ್ಟೈಪ್ ಹಾಡಿದ್ದಲ್ಲ, ಮಿಲ್ಸ್ ಹಿಂದೆ ನಿಂತು ಹಾಡಿದ್ದು.

ಆಲ್ಬಮ್ಮಿನ ಹನ್ನೆರಡೂ ಹಾಡು ಬಂಗಾರ ಅಂತ ನಾನು ಹೇಳುವುದಿಲ್ಲ. ‘9-9’ ಆ ಕಾಲದ ಇಂಗ್ಲೆಂಡಿನ ಪೋಸ್ಟ್-ಪಂಕ್, ಅಂದರೆ ಪಂಕ್ ರಾಕಿನ ಬೆನ್ನಿಗೆ ಬಂದ, ಬ್ಯಾಂಡುಗಳ ಹೋಂವರ್ಕ್ ನಕಲು ಮಾಡಿದ ಹಾಗಿದೆ. ‘ವಿ ವಾಕ್’ ಬಿಲಿಯರ್ಡ್ಸ್ ಗುಡುಗು ತೆಗೆದರೆ ಮಕ್ಕಳ ಹಾಡು. ಎರಡನೇ ಬದಿ ಮೊದಲನೆಯದರಷ್ಟು ಗಟ್ಟಿಯಿಲ್ಲ. ಜೀವಂತಿಕೆ ಬೇಕು ಅಂದರೆ 1984ರ ‘ರೆಕನಿಂಗ್’ ಇನ್ನೂ ವಾಸಿ. ಆದರೆ ‘ಮರ್ಮರ್’ನಲ್ಲಿರುವ ಆ ಒಂದು ಗುಟ್ಟಿನ ಗಾಳಿ ಅವರಿಗೂ ಮತ್ತೆ ಸಿಗಲಿಲ್ಲ.

ವಿಮರ್ಶಕರ ಮಾತಿಗೆ ಬರುತ್ತೇನೆ. ಹೌದು, ಹೊಗಳಿದರು. ರೋಲಿಂಗ್ ಸ್ಟೋನ್ ಪತ್ರಿಕೆ 1983ರ ಅತ್ಯುತ್ತಮ ಆಲ್ಬಮ್ ಅಂದಿತು, ‘ಥ್ರಿಲ್ಲರ್’ನಂಥವು ಎದುರಿಗಿದ್ದಾಗ. ಆದರೆ ಬರೀ ಹೊಗಳಿಕೆಯಿಂದ ಇಷ್ಟು ದೂರ ಬರಲು ಆಗದು. ಮಾರಾಟವೂ ಅಂಥದ್ದೇನಲ್ಲ. ಅಮೆರಿಕದ ಜನಪ್ರಿಯ ಆಲ್ಬಮ್ಮುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 36ನೇ ಸ್ಥಾನ ಮುಟ್ಟಿತು. ‘ರೇಡಿಯೋ ಫ್ರೀ ಯುರೋಪ್’ ಸಿಂಗಲ್ಲಿಗೆ ಸಿಕ್ಕಿದ್ದು 78. ದೊಡ್ಡ ರೇಡಿಯೋಗಳು ಮೂಸಿಯೂ ನೋಡಲಿಲ್ಲ. ಹೊತ್ತು ತಿರುಗಿದ್ದು ವಿದ್ಯಾರ್ಥಿಗಳೇ ನಡೆಸುವ ಕಾಲೇಜು ರೇಡಿಯೋಗಳು. ಆಲ್ಟರ್ನೇಟಿವ್ ಅನ್ನುವ ಹೆಸರು ಚಾಲ್ತಿಗೆ ಬರುವ ಮೊದಲು ಇದನ್ನು ಕಾಲೇಜ್ ರಾಕ್ ಅಂತಲೇ ಕರೆಯುತ್ತಿದ್ದರು. ಬ್ಯಾಂಡು ಒಂದು ವ್ಯಾನಿನಲ್ಲಿ ಊರೂರು ಸುತ್ತಿತು. ಅದೇ ಆಗಸ್ಟಿನಲ್ಲಿ ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ಪೊಲೀಸ್ ಬ್ಯಾಂಡಿಗೆ ಮೊದಲು ನುಡಿಸುವ ಅವಕಾಶ ಬಂತು. ಸುಮಾರು 70,000 ಜನ. ಯಾರಾದರೂ ಹಿಗ್ಗುತ್ತಿದ್ದರು. ಇವರಿಗೆ ಬೇಜಾರಾಯಿತು. ಅಕ್ಟೋಬರ್‌ನಲ್ಲಿ ಡೇವಿಡ್ ಲೆಟರ್‌ಮನ್ ಟಿವಿ ಕಾರ್ಯಕ್ರಮಕ್ಕೆ ಹೋದರು. ಆ ವಿಡಿಯೋ ಸಿಗುತ್ತದೆ, ನೋಡಿ. ಮೊದಲ ಹಾಡು ಮುಗಿದ ಮೇಲೆ ಲೆಟರ್‌ಮನ್ ಮಾತಾಡಿಸಲು ಬಂದರೆ ಸ್ಟೈಪ್ ಹಿಂದೆ ಹೋಗಿ ಡ್ರಮ್ಮಿನ ಕಟ್ಟೆಯ ಮೇಲೆ ಕೂತುಬಿಟ್ಟ. ಮಾತಾಡಿದ್ದು ಬಕ್, ಮಿಲ್ಸ್. ಆಮೇಲೆ ಇನ್ನೂ ಹೆಸರೇ ಇಡದ ಒಂದು ಹೊಸ ಹಾಡು ನುಡಿಸಿ ಹೋದರು.

ಮುಂದಿನವರು ಇವರಿಂದ ತೆಗೆದುಕೊಂಡದ್ದು ಸದ್ದಿಗಿಂತ ಹೆಚ್ಚಾಗಿ ಬದುಕುವ ರೀತಿ. ಹಾಡು ಯಾರೇ ಬರೆಯಲಿ, ಬೆರ್ರಿ, ಬಕ್, ಮಿಲ್ಸ್, ಸ್ಟೈಪ್ ಅಂತ ನಾಲ್ವರ ಹೆಸರೂ ಇರುತ್ತಿತ್ತು. ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ. ದುಡ್ಡೂ ಸಮ ಪಾಲು. ಎಷ್ಟು ಬ್ಯಾಂಡುಗಳು ಬರೀ ಇದೊಂದು ವಿಷಯಕ್ಕೆ ಒಡೆದಿವೆ ಗೊತ್ತಾ? ನಿಮ್ಮ ಕಾಲೇಜು ಬ್ಯಾಂಡಿನಲ್ಲಿ ಈ ಮಾತು ಇನ್ನೂ ಆಡಿಲ್ಲದಿದ್ದರೆ ಈ ವಾರವೇ ಆಡಿ. ದೊಡ್ಡ ಕಂಪನಿಯಾದ ವಾರ್ನರ್‌ಗೆ ಇವರು ಹೋದದ್ದು 1988ರಲ್ಲಿ, ಅಂದರೆ ಐದು ಆಲ್ಬಮ್ ಆದ ಮೇಲೆ. ಅಷ್ಟರಲ್ಲಿ ತಮ್ಮ ಷರತ್ತು ಹೇಳುವಷ್ಟು ಗಟ್ಟಿಯಾಗಿದ್ದರು. ನೀವು ಹೇಳಿದ ನಿರ್ವಾಣದ ಕರ್ಟ್ ಕೊಬೇನ್ ಇವರನ್ನು ಬಹಿರಂಗವಾಗಿ ಮೆಚ್ಚುತ್ತಿದ್ದ, ಮುಖ್ಯವಾಗಿ ಯಶಸ್ಸನ್ನು ಇವರು ನಿಭಾಯಿಸಿದ ರೀತಿಗೆ. ಪೇವ್‌ಮೆಂಟ್ ಅನ್ನುವ ಬ್ಯಾಂಡಂತೂ ಇವರ ಬಗ್ಗೆಯೇ ಒಂದು ಹಾಡು ಮಾಡಿತು. ರೇಡಿಯೋಹೆಡ್ 1995ರಲ್ಲಿ ಆರ್.ಇ.ಎಂ. ಪ್ರವಾಸದಲ್ಲಿ ಮೊದಲು ನುಡಿಸುವ ಬ್ಯಾಂಡಾಗಿ ಜೊತೆಗೆ ತಿರುಗಿತ್ತು. ಅಂದರೆ ನೀವು ಕೇಳಿ ಬೆಳೆದ ಮನೆಯ ಅಡಿಪಾಯವೇ ಇದು. ಅಡಿಪಾಯ ನೋಡಲು ಯಾವತ್ತೂ ಸಪ್ಪೆಯೇ.

ನಮ್ಮಲ್ಲಿ ಬಹಳ ಜನ ಇವರನ್ನು ಕಂಡದ್ದು 1991ರ ‘ಲೂಸಿಂಗ್ ಮೈ ರಿಲಿಜನ್’ನಿಂದ, ಎಂಟಿವಿಯಲ್ಲಿ. ಆ ವಿಡಿಯೋ ಮಾಡಿದ್ದು ಪಂಜಾಬ್ ಮೂಲದ ತರ್ಸೇಮ್ ಸಿಂಗ್. ಅದರಲ್ಲಿ ನಮ್ಮ ದೇವರ ಕ್ಯಾಲೆಂಡರುಗಳ ನೆರಳಿದೆ. ಆ ಹೆಸರು ಕೇಳಿ ಧರ್ಮದ ಹಾಡು ಅಂತ ನಾವೆಲ್ಲ ವಾದ ಮಾಡಿದ್ದೆವು. ಅದು ಅಮೆರಿಕದ ದಕ್ಷಿಣದವರ ಆಡುಮಾತು, ತಾಳ್ಮೆ ಕಳೆದುಕೊಂಡೆ ಅನ್ನುವ ಅರ್ಥ. ನೋಡಿ, ಪದಗಳು ಸ್ಪಷ್ಟವಾಗಿ ಕೇಳಿದರೂ ನಾವು ತಪ್ಪೇ ಮಾಡಿದೆವು!

ಬ್ಯಾಂಡು 2011ರಲ್ಲಿ ಜಗಳವಿಲ್ಲದೆ ಮುಗಿಯಿತು. 2024ರ ಫೆಬ್ರವರಿಯಲ್ಲಿ ನಟ ಮೈಕಲ್ ಶಾನನ್, ಗಿಟಾರ್ ವಾದಕ ಜೇಸನ್ ನಾರ್ಡೂಸಿ ಸೇರಿ ‘ಮರ್ಮರ್’ ಆಲ್ಬಮ್ಮನ್ನು ಪೂರ್ತಿ ನುಡಿಸುತ್ತ ಅಥೆನ್ಸಿಗೆ ಬಂದರು. ಆ ರಾತ್ರಿ ಆರ್.ಇ.ಎಂ.ನ ನಾಲ್ವರೂ ಆ ವೇದಿಕೆಗೆ ಹತ್ತಿದರು.

ನಾಲ್ಕನೇ ಸಲ ಕೇಳುವ ಮನಸ್ಸಿದ್ದರೆ ಹೀಗೆ ಮಾಡಿ. ಬಸ್ಸಿನಲ್ಲಿ ಇಯರ್‌ಫೋನ್ ಹಾಕಿ ಬೇಡ. ರಾತ್ರಿ, ಸ್ಪೀಕರಿನಲ್ಲಿ, ಪಕ್ಕದ ಕೋಣೆಯಿಂದ ಕೇಳುವಷ್ಟು ಸಣ್ಣಗೆ ಇಡಿ. ಮೊದಲ ಹಾಡಿನಿಂದ ಶುರು ಮಾಡಬೇಡಿ, ಆರನೆಯದಾದ ‘ಪರ್ಫೆಕ್ಟ್ ಸರ್ಕಲ್’ನಿಂದ ಮಾಡಿ. ಆಮೇಲೆ ಬೇಸ್ ಎತ್ತಿಕೊಂಡು ಎಂಟನೆಯದಾದ ‘ಸಿಟ್ಟಿಂಗ್ ಸ್ಟಿಲ್’ ಜೊತೆ ನುಡಿಸಿ. ಅದರ ಸಾಹಿತ್ಯವನ್ನು ಯಾರೂ ಪೂರ್ತಿ ಬಿಡಿಸಿಲ್ಲ, ನೀವೂ ಬಿಡಿಸಲು ಹೋಗಬೇಡಿ. ಕೈ ಹಾಡಿನ ಜೊತೆ ಹೊಂದಿಕೊಂಡು ಓಡತೊಡಗಿದ ಮೇಲೆ ಕೊನೆಯವರೆಗೂ ಹೋಗಿ. ಅಷ್ಟು ಹೊತ್ತು ಪದ ನುಂಗಿದ ಸ್ಟೈಪ್ ಕೊನೆಯ ಸಾಲನ್ನು ಮಾತ್ರ ಗಂಟಲು ಬಿಟ್ಟು, ಸ್ಪಷ್ಟವಾಗಿ ಹಾಡುತ್ತಾನೆ. ನಾನು ನಿಮಗೆ ಕೇಳಿಸುತ್ತಿದ್ದೇನಾ ಅಂತ ಕೇಳುತ್ತಾನೆ.